ಮೈಲಾರೇಶನ ಉರಿ

ಮೂರು ದಿನದಿಂದ ಮೈಲಾರೇಶ ಉಚ್ಚೆ ಹೊಯ್ಯಲು ಹೆದರುತ್ತಿದ್ದ. ಮೂರು ವರ್ಷದ ಕೂಸು, ಹಲ್ಲು ಕಚ್ಚಿ ತಡೆದುಕೊಂಡು, ಕೊನೆಗೆ ಎರಡು ಹನಿ ಬಿಡುವಷ್ಟರಲ್ಲಿ ಮಾಗಳ ಊರಿನ ಓಣಿಗೆಲ್ಲ ಕೇಳುವ ಹಾಗೆ ಚೀರುತ್ತಿದ್ದ. ಮುಂದೊಗಲು ಬಾತು ಕೆಂಪಾಗಿ, ಕೀವು ಕಾಣಿಸಿಕೊಂಡಿತ್ತು.

ಅಜ್ಜಿ ಪಕ್ಕೀರಮ್ಮ ಆಗಲೇ ಕಾರಣ ಹುಡುಕಿಯಾಗಿತ್ತು. "ಹೊಲದಾಗ ಮೈಲಾರಲಿಂಗನ ಕಲ್ಲಿನ ಮಗ್ಗಲಾಗ ಹೊಯ್ದಾನ. ಸ್ವಾಮಿ ಸುಮ್ನ ಬಿಡ್ತಾನೇನು?" ದೇವರಿಗೆ ಬೇರೆ ಕೆಲಸವೇ ಇಲ್ಲ ನೋಡಿ, ತನ್ನ ಹೆಸರಿಟ್ಟುಕೊಂಡ ಕೂಸಿನ ಮೇಲೇ ಹಗೆ ಸಾಧಿಸುತ್ತಾನೆ! ಮುದುಕಿ ಎರಡು ಹೊತ್ತೂ ಬಾವಿನ ಮೇಲೆ ಭಂಡಾರ ಉದುರಿಸಿದಳು. ದೇವರ ಅರಿಸಿನವಾದರೇನು, ಹಸಿಗಾಯಕ್ಕೆ ಬಿದ್ದರೆ ಉರಿಯದೇ ಇರುತ್ತದೆಯೇ?

ಸೊಸೆ ಭೂಮಿಕಾ ಕುರಿ ಕಾಯಲು ಹೋಗಿದ್ದ ಗಂಡ ಚನ್ನಬಸವನಿಗೆ ಫೋನು ಮಾಡಿದಳು.

"ಅವ್ವ ಹೇಳಿದಂಗ ಮಾಡು," ಎಂದ ಅವನು.

"ಉರಿಯಾದು ನಿಮ್ಮವ್ವಗಲ್ಲ," ಎಂದು ಫೋನಿಟ್ಟವಳು, ಮಗನನ್ನು ಸೊಂಟಕ್ಕೇರಿಸಿಕೊಂಡು ಹಡಗಲಿ ಬಸ್ಸು ಹತ್ತಿದಳು.

ಡಾಕ್ಟರ್ ಶಿವಲೀಲಾ ನೋಡಿದ ಕೂಡಲೇ ಕೇಳಿದರು. "ಮೈಗೆ ನೀರು ಎರಿಯುವಾಗ ತೊಗಲು ಹಿಂದಕ್ಕ ಎಳೀತೀರೇನಮ್ಮ?"

"ಸ್ವಚ್ಛ ಆಗ್ಲಿ ಅಂತ ನಮ್ಮತ್ತಿ ಎಳೀತಾರ್ರಿ. ವಾರವಾರ."

"ಈ ವಯಸ್ಸಿಗೆ ಅದು ಒಳಗ ಅಂಟಿಕೊಂಡೇ ಇರ್ತೈತಿ. ದೊಡ್ಡವನಾದಂಗ ತಾನಾ ಬಿಡ್ತೈತಿ. ಎಳದ್ರ ಹರೀತೈತಿ, ಹರಿದಲ್ಲಿ ಬ್ಯಾಕ್ಟೀರಿಯಾ ಸೇರ್ತಾವು. ಮ್ಯಾಲಿನಿಂದ ಬರೇ ನೀರು ಹಾಕಿ ತೊಳೀರಿ, ಈ ಮುಲಾಮು ಹಚ್ರಿ. ಉರಿ ಇರೋತನ ಉಗುರುಬೆಚ್ಚಗಿನ ನೀರಾಗ ಕುಂದ್ರಿಸಿ ಉಚ್ಚಿ ಹೊಯ್ಸ್ರಿ."

ಭೂಮಿಕಾ ಮುಲಾಮನ್ನು ಸೆರಗಿಗೆ ಕಟ್ಟಿಕೊಂಡು ಎದ್ದಳು. ಎಳೆದವಳು ಅತ್ತೆ, ಸರಿ. ಕೂಸು ಒದ್ದಾಡದ ಹಾಗೆ ಕಾಲು ಹಿಡಿದವರು ಯಾರು? ಪ್ರತಿ ಸೋಮವಾರ, ತಾನೇ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ಆ ಎರಡು ಪುಟ್ಟ ಪಾದಗಳನ್ನು ಸವರುತ್ತಲೇ ಇದ್ದಳು.

ಬಾಗಿಲಲ್ಲೇ ಪಕ್ಕೀರಮ್ಮ ಭಂಡಾರದ ತಟ್ಟೆ ಹಿಡಿದು ನಿಂತಿದ್ದಳು. "ದೊಡ್ಡಾಕಿ ಆದೇನು? ಕೊಡು ಕೂಸಿನ್ನ. ಕಲ್ಲಿಗೆ ಅಡ್ಡ ಬೀಳಿಸಿ ತಪ್ಪಾತು ಅನ್ನಿಸಬೇಕು."

"ನನ್ನ ಮಗ ಏನೂ ತಪ್ಪು ಮಾಡಿಲ್ಲ." ಭೂಮಿಕಾ ತಟ್ಟೆಯಿಂದ ಒಂದು ಚಿಟಿಕೆ ಎತ್ತಿ ಮಗನ ಹಣೆಗಿಟ್ಟಳು. "ಭಂಡಾರ ಇಲ್ಲಿಗೆ ಸಾಕ್ರಿ. ಗಾಯಕ್ಕ ಮುಲಾಮು. ಇನ್ಮ್ಯಾಲೆ ಎರಿಯಾಕಿ ನಾನು. ನೀವು ಎಳಿಯಾಂಗಿಲ್ಲ, ನಾನು ಕಾಲು ಹಿಡಿಯಾಂಗಿಲ್ಲ."

"ಇಷ್ಟು ಮಕ್ಕಳಿಗೆ ಎರದೀನಿ! ಯಾರು ಸತ್ತಾರ?"

"ಸತ್ತಿಲ್ಲ. ಎಷ್ಟು ಅತ್ತಾರ ಅಂತ ಯಾರೂ ಕೇಳಿಲ್ಲ."

ಮುದುಕಿ ಎರಡು ದಿನ ಮಾತು ಬಿಟ್ಟಳು. ಬಿಡಲಿ ಬಿಡಿ.

ಮೂರನೆಯ ದಿನ ಮೈಲಾರೇಶ ಬೋಗುಣಿಯ ನೀರಿನಲ್ಲಿ ಕುಳಿತು, ಕಣ್ಣು ಬಿಗಿಯಾಗಿ ಮುಚ್ಚಿ, ಉಸಿರು ಹಿಡಿದ. ಆಮೇಲೆ ಒಂದು ಕಣ್ಣು ತೆರೆದ.

"ಅವ್ವಾ, ಉರೀಲಿಲ್ಲ!"

ಒಲೆಯ ಹತ್ತಿರ ಕುಳಿತಿದ್ದ ಪಕ್ಕೀರಮ್ಮ ಕೈ ಮುಗಿದಳು. "ಅಂತೂ ಸ್ವಾಮಿ ಸಿಟ್ಟು ಇಳೀತು."

ಭೂಮಿಕಾ ಮಗನನ್ನು ಎತ್ತಿ ಸೆರಗಿನಿಂದ ಒರೆಸುತ್ತ ಹೇಳಿದಳು. "ಸ್ವಾಮಿ ಸಿಟ್ಟು ಮಾಡೇ ಇರ್ಲಿಲ್ರಿ, ಅತ್ತಿ."