ಕುರುಗೋಡಿನ ಮೂಕ ರೀಲು

ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಎಲ್ಲಮ್ಮ ಇಪ್ಪತ್ತೆಂಟು ವರ್ಷ ದುಡಿದಿದ್ದಳು. ಯಂತ್ರಗಳ ಗದ್ದಲದಲ್ಲಿ ಅಲ್ಲಿ ಯಾರ ಕೂಗೂ ಯಾರಿಗೂ ಕೇಳುತ್ತಿರಲಿಲ್ಲ. ಹೆಂಗಸರು ಆ ತುದಿಯಿಂದ ಈ ತುದಿಗೆ ಬರೀ ತುಟಿಯಲ್ಲೇ ಮನೆಸುದ್ದಿ, ಜಗಳ, ಚೇಷ್ಟೆ ಎಲ್ಲ ಮುಗಿಸುತ್ತಿದ್ದರು. ಗಿರಣಿ ಬಿಡುವ ಹೊತ್ತಿಗೆ ಅವಳ ಕಿವಿ ಮಂದವಾಗಿತ್ತು, ಕಣ್ಣು ಮಾತ್ರ ಯಾರ ತುಟಿಯನ್ನೂ ಬಿಡುತ್ತಿರಲಿಲ್ಲ.

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಹಳೆಯ ಹತ್ತಿ ಗೋದಾಮೊಂದು ಈಗ ಚಲನಚಿತ್ರ ಸಂಗ್ರಹಾಲಯ. ತಿಂಗಳಿಗೊಂದು ಭಾನುವಾರ ಜನ ತಮ್ಮ ಮನೆಯ ಅಟ್ಟದಲ್ಲಿ ಬಿದ್ದಿರುವ ರೀಲುಗಳನ್ನು ತರುತ್ತಾರೆ. ಅಲ್ಲಿ ಕೆಲಸ ಮಾಡುವ ಜ್ಯೋತಿ ಅವನ್ನು ಒರೆಸಿ, ಹರಿದಲ್ಲಿ ಅಂಟಿಸಿ, ಎಲ್ಲರೆದುರು ಓಡಿಸುತ್ತಾಳೆ. ಆ ಸಲ ಸಿರುಗುಪ್ಪದ ಮಹಿಳಾ ಸಂಘದವರನ್ನೂ ಕರೆದಿದ್ದರು. ಎಲ್ಲಮ್ಮ ಅವರ ಜೊತೆ ಬಂದಿದ್ದಳು.

ಹೊರಗೆ ಹನ್ನೊಂದರ ಬಿಸಿಲು. ಒಳಗೆ ಕರಿ ಪರದೆ ಎಳೆದು ಕತ್ತಲು ಮಾಡಿದ್ದರು. ಬೆಳಕಿನ ಕೋಲಿನಲ್ಲಿ ಧೂಳು ಮೆಲ್ಲಗೆ ಈಜುತ್ತಿತ್ತು. ಸದ್ದಿಲ್ಲದ ಚಿತ್ರಗಳು ಒಂದರ ಹಿಂದೊಂದು ಬಂದು ಕರಗಿದವು: ಯಾರದೋ ಮದುವೆ, ಯಾರದೋ ಅಂಗಡಿಯ ಪೂಜೆ. ಇಷ್ಟು ಮಂದಿ ಒಮ್ಮೆಲೇ ತನ್ನ ಲೋಕಕ್ಕೆ ಬಂದು ಸುಮ್ಮನೆ ಕೂತಂತೆ ಎಲ್ಲಮ್ಮನಿಗೆ ಅನಿಸಿತು. ನೀರಿನಡಿಯಲ್ಲಿ ಕೂತ ಹಾಗೆ ಹಿತವಾಗಿತ್ತು. ಇದ್ದಕ್ಕಿದ್ದಂತೆ ಅವಳು ಕಿಸಕ್ಕನೆ ನಕ್ಕಳು.

ಜ್ಯೋತಿ ಬಂದು ಅವಳೆದುರು ಬಗ್ಗಿದಳು. "ಯಾಕ ನಕ್ರಿ ಅಮ್ಮಾ?"

"ಆ ಮದುಮಗ ನೋಡವ್ವ. 'ಕಾಲು ತುಳೀಬ್ಯಾಡಲೇ' ಅಂತ ಪಕ್ಕದಾಂವಗ ಬೈಯಾಕತ್ಯಾನ."

ಜ್ಯೋತಿ ಆ ತುಣುಕನ್ನು ಮತ್ತೆ ಓಡಿಸಿದಳು. ಈಗ ಎಲ್ಲರಿಗೂ ಅದು ಕಂಡಿತು, ಗೋದಾಮು ತುಂಬ ನಗು ಎದ್ದಿತು. ನಗು ಇಳಿದ ಮೇಲೆ ಹಿಂದಿನ ಸಾಲಿನಿಂದ ಸತ್ಯನಾರಾಯಣಪೇಟೆಯ ಕೊಟ್ರಬಸಪ್ಪ ಎದ್ದು ಬಂದರು. ಕಾಳಿನ ವ್ಯಾಪಾರ ಬಿಟ್ಟು ಮನೆಯಲ್ಲಿದ್ದ, ಎಪ್ಪತ್ತರ ಹತ್ತಿರದ ಹಿರಿಯರು. ಎಲ್ಲಮ್ಮನಿಗೆ ತಮ್ಮ ತುಟಿ ಕಾಣುವಂತೆ ಬೆಳಕಿಗೆ ನಿಂತು ಮಾತಾಡಿದರು.

"ಯವ್ವಾ, ನಂದೂ ಒಂದು ರೀಲು ಐತಿ. ಕುರುಗೋಡಿನ ನಮ್ಮ ಹಳೇ ಮನಿ ಅಂಗಳ. ಅಪ್ಪ ತೆಗೆದದ್ದು. ಅದ್ರಾಗ ನಮ್ಮವ್ವ ನನ್ನ ಎತ್ಕೊಂಡು ಏನೋ ಅಂತಾಳ. ಅದಾಗಿ ಆರು ತಿಂಗಳಿಗೆ ತೀರಿಕೊಂಡ್ಳು. ನನಗೇನೋ ಹೇಳಿ ಹೋಗ್ಯಾಳ ಅಂತ ಇಷ್ಟು ವರ್ಷ ಅನ್ಕೊಂಡೀನಿ. ನೋಡಿ ಹೇಳ್ತೀಯೇನು?"

ರೀಲು ಓಡಿತು. ಬೂದು ಬಿಸಿಲಿನ ಅಂಗಳ. ಇಪ್ಪತ್ತರ ಆಸುಪಾಸಿನ ಹೆಣ್ಣುಮಗಳು ಕೂಸನ್ನು ಸೊಂಟಕ್ಕೇರಿಸಿ ನೇರ ನೋಡುತ್ತಿದ್ದಳು. ಅವಳ ತುಟಿ ಅಲುಗಿತು, ನಕ್ಕಳು, ಕೂಸನ್ನು ಮುಂದಕ್ಕೆ ಚಾಚಿದಳು. ಅಷ್ಟಕ್ಕೆ ಚಿತ್ರ ಒಂದು ಕಡೆಗೆ ವಾಲಿತು. ಅಂಗಳದ ಕಲ್ಲು, ಗೋಡೆ, ಆಕಾಶ ಗಿರಗಿರ ತಿರುಗಿ ಬೆಳ್ಳಗಾದವು.

ಎಲ್ಲಮ್ಮನಿಗೆ ಮೊದಲ ಸಲಕ್ಕೇ ತಿಳಿದಿತ್ತು. ಆದರೂ ಇನ್ನೊಮ್ಮೆ ಹಾಕಿಸಿದಳು. 'ನೂರು ವರ್ಷ ಬಾಳು ಮಗನೇ' ಅಂದಳೆಂದು ಹೇಳಿದರೆ ಯಾರಿಗೆ ಗೊತ್ತಾಗುತ್ತದೆ? ಕೊಟ್ರಬಸಪ್ಪನವರ ಮುಖ ನೋಡಿದಾಗ ಹಾಗೇ ಹೇಳಿಬಿಡಲೇ ಅನಿಸಿತು. ಆದರೆ ಆ ಹೆಣ್ಣುಮಗಳ ಮಾತು ಈ ಲೋಕದಲ್ಲಿ ಉಳಿದಿದ್ದು ಇದೊಂದೇ. ಅದನ್ನು ಬದಲಿಸಲು ತಾನ್ಯಾರು?

"ತಪ್ಪು ತಿಳೀಬ್ಯಾಡ್ರಿ ಅಪ್ಪಾರ. ಆಕಿ ನಿಮ್ಮ ಜೋಡಿ ಮಾತಾಡಿಲ್ಲ. ನಿಮ್ಮಪ್ಪಾರ ಜೋಡಿ. 'ಸಾಕು ಬಿಡ್ರಿ, ಒಲಿ ಮ್ಯಾಗ ಹಾಲು ಐತಿ, ಉಕ್ಕತೈತಿ, ಇವನ್ನ ಹಿಡ್ಕೋರಿ' ಅಂದ್ಳು. ಅಷ್ಟೇ."

ಕೊಟ್ರಬಸಪ್ಪ ಬಿಳಿ ಪರದೆಯನ್ನೇ ನೋಡುತ್ತ ನಿಂತರು. ಆಮೇಲೆ ಮೆಲ್ಲಗೆ, "ರೀಲು ಕೆಟ್ಟು ಹಂಗ ವಾಲೈತಿ ಅಂದ್ಕೊಂಡಿದ್ದೆ," ಅಂದರು. "ಅಪ್ಪ ಕ್ಯಾಮೆರಾ ಹಿಡ್ಕೊಂಡೇ ನನ್ನ ಎತ್ಕೊಂಡಿದ್ದು ಅದು."

ಕಣ್ಣೀರು ಇಳಿಯುತ್ತಿದ್ದರೂ ಅವರು ನಗುತ್ತಿದ್ದರು. ಯಾರೂ ಕೇಳದೆಯೇ ಜ್ಯೋತಿ ರೀಲನ್ನು ಮತ್ತೆ ಮೂರು ಸಲ ಓಡಿಸಿದಳು. ಪ್ರತಿ ಸಲವೂ ಆ ತಾಯಿ ಅವಸರದಿಂದ ಕೂಸನ್ನು ಚಾಚಿದಳು. ಪ್ರತಿ ಸಲವೂ ಒಬ್ಬ ಅಪ್ಪ, ಕಾಣದ ಕೈಗಳಲ್ಲಿ, ಮಗನನ್ನು ಎತ್ತಿಕೊಂಡ.

ಪ್ರದರ್ಶನ ಮುಗಿದ ಮೇಲೆ ಹಿತ್ತಲಿನ ನೆರಳಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ಕೊಟ್ಟರು. ಕೊಟ್ರಬಸಪ್ಪ ತಟ್ಟೆ ಹಿಡಿದು ಬಂದು ಎಲ್ಲಮ್ಮನ ಎದುರಿಗೇ ಕೂತರು.

"ಆಕಿ ದನಿ ಹೆಂಗಿದ್ದೀತು?"

"ದನಿ ನನಗ ಹೆಂಗ ಗೊತ್ತಾಗಬೇಕ್ರಿ?" ಎಲ್ಲಮ್ಮ ಸ್ವಲ್ಪ ಯೋಚಿಸಿದಳು. "ಆದ್ರ ಮಾತು ಮುಗಿಯೋಕ ಮೊದ್ಲ ನಗೋ ಹೆಣ್ಮಗಳು ಆಕಿ."

ಅವರು ಮಂಡಕ್ಕಿ ಮುಕ್ಕುತ್ತಿದ್ದ ಕೈಯನ್ನು ನಿಲ್ಲಿಸಿದರು.

"ನನ್ನ ಮಗಳು ಅಂಜನಾನೂ ಹಂಗ," ಅಂದರು. "ಈ ನಗಿ ಯಾರಿಂದ ಬಂತೋ ಅಂತ ಮನ್ಯಾಗೆಲ್ಲಾ ಕೇಳ್ತಿದ್ರು."