ಸುಟ್ಟ ಆಲೂಗಡ್ಡೆಯ ಬಲ

ಉಡುಪಿನ ಕಾರ್ಖಾನೆಯ ಇಸ್ತ್ರಿ ವಿಭಾಗದಲ್ಲಿ ಅವಳನ್ನು ಎಲ್ಲರೂ ‘ಲಂಗರು’ ಎಂದೇ ಕರೆಯುತ್ತಿದ್ದರು. ಹೆಂಗಸರ ಹಗ್ಗಜಗ್ಗಾಟದ ತಂಡದಲ್ಲಿ ಹಗ್ಗದ ತುದಿ ಅವಳದು. ಅದನ್ನು ಬೆನ್ನಿಗೆ ಸುತ್ತಿಕೊಂಡು, ಹಿಮ್ಮಡಿ ಊರಿ ನಿಂತಳೆಂದರೆ ಎದುರಿನವರ ಮುಖ ಸಪ್ಪಗಾಗುತ್ತಿತ್ತು.

ಆದರೆ ಈ ಸಲ ಕಾರ್ಖಾನೆಗಳ ನಡುವಿನ ಪಂದ್ಯಕ್ಕೆ ತಂಡದ ಒಟ್ಟು ತೂಕಕ್ಕೊಂದು ಮಿತಿ ಬಂತು. ತಕ್ಕಡಿಯ ಮುಳ್ಳು ಮಿತಿ ದಾಟಿದ್ದೇ ತಡ, ತರಬೇತುದಾರನ ಕಣ್ಣು ಬಿದ್ದದ್ದು ಕ್ಯಾಂಟೀನಿನಲ್ಲಿ ಲಂಗರಿನ ತಟ್ಟೆ ತುಂಬಿದ್ದ ಕರಿದ ಆಲೂಗಡ್ಡೆಯ ಮೇಲೆ. ಅವನು ಉಗ್ರಾಣ ನೋಡಿಕೊಳ್ಳುವವನು. ಒಂದು ಕಾಲದಲ್ಲಿ ತಾನೂ ಹಗ್ಗ ಎಳೆದವನು.

“ನೋಡಮ್ಮ, ಇವತ್ತಿಂದ ಆಲೂಗಡ್ಡೆ ಬಂದ್. ಗಡ್ಡೆ ತಿಂದು ತಿಂದು ಗಡ್ಡೆ ಥರಾನೇ ಆಗಿದೀಯ. ಇಳೀಲಿಲ್ಲ ಅಂದ್ರೆ ನಿನ್ನ ಜಾಗಕ್ಕೆ ಬೇರೆಯವರನ್ನ ಹಾಕ್ತೀನಿ.”

ಕ್ಯಾಂಟೀನಿನಲ್ಲಿ ನಗು ಎದ್ದಿತು. ಲಂಗರೂ ನಕ್ಕಳು. ಆದರೆ ಆ ಮಾತು ಎದೆಯಲ್ಲಿ ಮುಳ್ಳಿನಂತೆ ನಾಟಿಕೊಂಡಿತು.

ಅಂದಿನಿಂದ ಅವಳು ಆಲೂಗಡ್ಡೆಯನ್ನಷ್ಟೇ ಅಲ್ಲ, ಊಟವನ್ನೇ ಬಿಟ್ಟಳು. ಸೌತೆಕಾಯಿ, ಹಾಲಿಲ್ಲದ ಚಹಾ, ಮತ್ತೆ ಸೌತೆಕಾಯಿ. ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡವಳ ತೂಕವೇನೋ ಇಳಿಯಿತು. ಜೊತೆಗೆ ಕಸುವೂ ಇಳಿಯಿತು. ಅಭ್ಯಾಸದಲ್ಲಿ ಹಗ್ಗ ಅವಳನ್ನೇ ಎಳೆದುಕೊಂಡು ಹೋಗತೊಡಗಿತು. ಒಂದು ಮಧ್ಯಾಹ್ನ ಅಂಗಿಯ ಕಾಲರಿನ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟವಳಿಗೆ ಕಣ್ಣು ಕತ್ತಲಿಟ್ಟಿತು. ಪಕ್ಕದವಳು ಹಿಡಿಯದಿದ್ದರೆ ಕೆನ್ನೆ ಕಾದ ಕಬ್ಬಿಣಕ್ಕೆ ತಾಗುತ್ತಿತ್ತು.

ಸುದ್ದಿ ತಿಳಿದು ಅಕ್ಕ ಓಡಿ ಬಂದಳು. ಆಸ್ಪತ್ರೆಯಲ್ಲಿ ರೋಗಿಗಳಿಗೆ ಪಥ್ಯ ಹೇಳುವ ಕೆಲಸ ಅವಳದು. ತಂಗಿಯ ಫ್ರಿಜ್ ತೆರೆದು ನೋಡಿ ಹಣೆ ಚಚ್ಚಿಕೊಂಡಳು.

“ಇದೇನೇ ಇದು, ಮೊಲ ಸಾಕಿದೀಯಾ?”

“ಆಲೂಗಡ್ಡೆ ತಿಂದ್ರೆ ದಪ್ಪ ಆಗ್ತಾರಂತೆ ಕಣಕ್ಕ.”

“ಯಾರೇ ಹೇಳಿದ್ದು? ನೀನು ತಿಂತಿದ್ದದ್ದು ಎಣ್ಣೇಲಿ ಮುಳುಗಿಸಿ ಕರಿದದ್ದು. ತಪ್ಪು ಎಣ್ಣೇದು, ಬೈಗುಳ ಗಡ್ಡೆಗೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ!”

ಅಕ್ಕ ಸೀರೆ ಎತ್ತಿಕಟ್ಟಿ ಒಲೆಮನೆಗೆ ನುಗ್ಗಿದಳು. ಆಲೂಗಡ್ಡೆಗಳನ್ನು ತಿಕ್ಕಿ ತೊಳೆದು, ಸಿಪ್ಪೆ ಸಮೇತ ಪುಟ್ಟ ದೋಣಿಗಳಂತೆ ಉದ್ದುದ್ದ ಹೋಳು ಮಾಡಿ, ಒಂದೇ ಚಮಚ ಎಣ್ಣೆಯಲ್ಲಿ ಹೊರಳಿಸಿ, ಉಪ್ಪು ಮೆಣಸು ಉದುರಿಸಿ ಓವನ್ನಿಗಿಟ್ಟಳು.

“ಹಗ್ಗ ಎಳೆಯೋ ಸ್ನಾಯುವಿಗೆ ಉರುವಲು ಬೇಕು. ಅದು ಇದರ ಪಿಷ್ಟದಲ್ಲಿದೆ. ಸ್ನಾಯು ಸರಿಯಾಗಿ ಕೆಲಸ ಮಾಡೋಕೆ ಪೊಟ್ಯಾಸಿಯಂ ಇದೆ, ಸಿ ವಿಟಮಿನ್ ಇದೆ. ಸಿಪ್ಪೆಯಿಂದ ನಾರು ಸಿಗುತ್ತೆ, ಹೊಟ್ಟೆ ಬೇಗ ಹಸಿಯಲ್ಲ. ಪ್ರೊಟೀನ್ ಮಾತ್ರ ಕಮ್ಮಿ, ಅದಕ್ಕೆ ಮೊಟ್ಟೆ, ಮೊಸರು ಜೊತೆಗಿರಲಿ. ಹಾಗಂತ ಬುಟ್ಟಿಗಟ್ಟಲೆ ತಿನ್ನಬೇಡ ಮತ್ತೆ!”

ಹೊರಗೆ ಕೆಂಪಗೆ ಗರಿಗರಿ, ಒಳಗೆ ಬೆಣ್ಣೆಯಂತೆ ಮೆತ್ತಗೆ. ಮೊದಲ ಹೋಳು ಬಾಯಿಗಿಟ್ಟ ಲಂಗರಿಗೆ ಅಳು ಬಂತು. ಅಳುತ್ತಲೇ ಎರಡನೆಯದಕ್ಕೆ ಕೈ ಹಾಕಿದಳು.

ಮರುದಿನ ಅಭ್ಯಾಸದ ಬಯಲಿನಲ್ಲಿ ಎಲ್ಲರೆದುರು ತರಬೇತುದಾರನ ಮುಂದೆ ನಿಂತಳು.

“ಅಣ್ಣಾ, ನಾನು ಊಟ ಮಾಡ್ತೀನಿ. ಸುಟ್ಟ ಆಲೂಗಡ್ಡೆನೂ ತಿಂತೀನಿ. ಪಂದ್ಯದ ದಿನ ತೂಕ ಹೆಚ್ಚಾದ್ರೆ ನಾನೇ ಹೊರಗೆ ಹೋಗ್ತೀನಿ. ಆದ್ರೆ ಇನ್ನೊಂದ್ಸಲ ನನ್ನ ತಟ್ಟೆ ನೋಡಿ ನಗಬೇಡಿ.”

ತರಬೇತುದಾರ ತಲೆ ಕೆರೆದುಕೊಂಡ. ಅವಳು ಕುಸಿದ ಸುದ್ದಿ ಅವನನ್ನೂ ಕಾಡುತ್ತಿತ್ತು.

“ನಕ್ಕಿದ್ದು ತಪ್ಪೇ ಆಯ್ತಮ್ಮ. ತಿನ್ನು. ನಿನ್ನ ಜಾಗ ನಿಂದೇ,” ಎಂದ.

ಕ್ಯಾಂಟೀನಿನ ಅಡುಗೆಯವಳು ಬ್ರೆಡ್ ಸುಡುವ ಓವನ್ನಿನಲ್ಲಿ ಇಡೀ ತಂಡಕ್ಕೆ ಆಲೂಗಡ್ಡೆ ಸುಡತೊಡಗಿದಳು. ಕರಿದ ತಿಂಡಿ ಪಕ್ಕಕ್ಕೆ ಸರಿಯಿತು. ಮೆಲ್ಲಮೆಲ್ಲಗೆ ಎಲ್ಲರ ತೂಕವೂ ಹದಕ್ಕೆ ಬಂತು, ಲಂಗರಿನ ಕಾಲು ಮತ್ತೆ ನೆಲ ಕಚ್ಚಿತು. ಪಂದ್ಯದ ಬೆಳಿಗ್ಗೆ ತಕ್ಕಡಿಯ ಮುಳ್ಳು ಮಿತಿಯ ಹತ್ತಿರ ಹೋಗಿ, ಅಲ್ಲೇ ನಡುಗಿ, ಈಚೆಗೇ ನಿಂತಿತು.

ಕೊನೆಯ ಪಂದ್ಯ ಹಾಲಿನ ಕಾರ್ಖಾನೆಯವರ ಮೇಲೆ. ಸೋಲೇ ಕಾಣದ ಗಟ್ಟಿಗಿತ್ತಿಯರು. ಸೀಟಿ ಊದಿದೊಡನೆ ಹಗ್ಗ ಒಂದು ಮೊಳ ಅತ್ತ ಜಾರಿತು. ಇನ್ನೊಂದು ಮೊಳ. ಮುಂದಿದ್ದವಳು ಮೊಣಕಾಲೂರಿಬಿಟ್ಟಳು. ಲಂಗರು ಹಲ್ಲು ಕಚ್ಚಿ, ಹಿಂದಕ್ಕೆ ಬಾಗಿ, ಆಕಾಶ ನೋಡುತ್ತಾ ನಿಂತಳು. ಹಗ್ಗ ನಿಂತಿತು. ಊಟ ಬಿಟ್ಟ ದಿನಗಳಲ್ಲಿ ಇಷ್ಟು ಹೊತ್ತಿಗೆ ಬತ್ತಿಹೋಗುತ್ತಿದ್ದ ತೊಡೆಗಳಲ್ಲಿ ಇಂದು ಬಿಸಿ ಇನ್ನೂ ಉರಿಯುತ್ತಿತ್ತು.

“ಎಳೀರೇ!” ಎಂದು ಕೂಗಿದಳು. ಆ ಕೂಗಿಗೆ ತಂಡವೆಲ್ಲ ಒಂದೇ ಮೈಯಾಯಿತು. ಒಂದು ಹೆಜ್ಜೆ. ಮತ್ತೊಂದು. ಎದುರಿನವರ ಪಾದಗಳು ಮಣ್ಣು ಉಳುತ್ತಾ ಬಂದವು. ಸೀಟಿ!

ತಂಡದವರು ಒಬ್ಬರ ಮೇಲೊಬ್ಬರು ಬಿದ್ದು ಕೇಕೆ ಹಾಕಿದರು. ತರಬೇತುದಾರ ಟೋಪಿಯನ್ನು ಮೇಲಕ್ಕೆಸೆದು, ಹಿಡಿಯುವುದನ್ನು ಮರೆತು, ಮಕ್ಕಳಂತೆ ಕುಣಿದ. ಲಂಗರು ಮಾತ್ರ ಮಣ್ಣಿನಲ್ಲಿ ಕೂತು ನಗುತ್ತಿದ್ದಳು. ಬೆರಳುಗಳು ಹಗ್ಗಕ್ಕೆ ಅಂಟಿಕೊಂಡಂತಾಗಿ ಬಿಚ್ಚಲೇ ಬರುತ್ತಿರಲಿಲ್ಲ.

ಪಂದ್ಯ ನೋಡಲು ಬಂದಿದ್ದ ಅಕ್ಕ ಅವಳ ಬಳಿ ಕೂತು ಒಂದೊಂದೇ ಬೆರಳು ಬಿಡಿಸತೊಡಗಿದಳು. “ಬಿಡೇ ಮಹರಾಯ್ತಿ, ಗೆದ್ದಾಯ್ತು!”

“ಇನ್ನೊಂಚೂರು ಇರ್ಲಿ ಅಕ್ಕ,” ಎಂದಳು ಲಂಗರು.