ಮೂರು ಎಣಿಸದ ಕೈ

ಶವಕ್ಕೆ ಸುತ್ತಿದ ಕಫನಿನ ಕಾಲ ಕಡೆಯ ಗಂಟನ್ನು ಸಾಬಿತ್ ಎರಡು ಸಲ ಹಾಕಿದ. ಎರಡು ಸಲವೂ ಅದು ಸಡಿಲವಾಯಿತು. ಮೂರನೆಯ ಸಲ ನವಾಝ್ ಮಾಮ ಅವನ ಕೈ ಸರಿಸಿ ತಾವೇ ಬಿಗಿದರು.

"ಬಿಡು, ನಾನು ಕಟ್ತೇನೆ. ಮಧ್ಯಾಹ್ನದ ಲುಹರ್ ನಮಾಝಿಗೆ ಮೊದಲು ಮಸೀದಿ ಮುಟ್ಟಬೇಕು. ಇನ್ನು ಅರ್ಧ ಗಂಟೆಯೂ ಇಲ್ಲ."

ಸಾಬಿತ್ ತಲೆಯಾಡಿಸಿದ. ಹೆತ್ತ ಉಪ್ಪನ ಮುಖ ಇನ್ನೂ ಮುಚ್ಚಿರಲಿಲ್ಲ. ಸಾಹುಲ್ ಹಮೀದ್ ಎಂಬ ಪೂರ್ತಿ ಹೆಸರು ಪಾಸ್‌ಪೋರ್ಟಿನಲ್ಲಿ ಮಾತ್ರ. ಕಡಬ ಪೇಟೆಗೆ ಅವರು ಹಮೀದಾಕ. ಹತ್ತೊಂಬತ್ತು ವರ್ಷ ಸೌದಿಯ ದಮ್ಮಾಮಿನಲ್ಲಿ ದುಡಿದು ಬಂದವರು ಪೇಟೆಯಲ್ಲಿ ಚಪ್ಪಲಿ ಅಂಗಡಿ ಇಟ್ಟರು. ಅಂಗಡಿ ಏನೋ ಇಟ್ಟರು, ಮನಸ್ಸು ಇಟ್ಟದ್ದು ಕುಮಾರಧಾರೆಯಲ್ಲಿ. ಗಿರಾಕಿಯ ಕಾಲಿಗೆ ಚಪ್ಪಲಿ ತೊಡಿಸುತ್ತಲೇ "ನಿಮ್ಮ ಕಡೆ ಹೊಳೆ ಎಷ್ಟು ಇಳಿದಿದೆ?" ಎಂದು ಕೇಳುವ ಮನುಷ್ಯ. ಈ ಊರಿಗೆ ರೀಲು ಇರುವ ಗಾಳದ ಕೋಲು ಮೊದಲು ತಂದವರು ಅವರೇ. ಕೊಕ್ಕೆ ಇರುವ ರಬ್ಬರ್ ಕಪ್ಪೆ ಎಸೆದು ಮಡೆಂಜಿ ಮೀನು ಹಿಡಿಯಲು ಹತ್ತಾರು ಜನರಿಗೆ ಕಲಿಸಿದವರೂ ಅವರೇ.

ಒಳಕೋಣೆಯ ಬಾಗಿಲ ಪರದೆ ಸರಿಯಿತು. ಉಮ್ಮ ಸಫಿಯಾ ಬೆರಳಲ್ಲೇ ಕರೆದರು.

"ಬೋಜಣ್ಣನ ಮಗಳು ಬಂದಿದ್ದಾಳೆ," ಎಂದರು, ಸ್ವರ ಇಳಿಸಿ. "ಮೂಲೆಯಲ್ಲಿ ಕೂತಿದ್ದಾಳೆ. ಯಾರ ಹತ್ತಿರವೂ ಮಾತಿಲ್ಲ."

"ಗೊತ್ತುಂಟು ಉಮ್ಮ."

"ಅವಳ ಹತ್ತಿರ ಮಾಫ್ ಕೇಳದೆ ಉಪ್ಪನನ್ನು ಎತ್ತಬೇಡ."

"ಅಷ್ಟು ಜನರ ಎದುರು ಹೇಗೆ ಕೇಳುದು?"

"ಅಷ್ಟು ಜನರ ಎದುರೇ ಅಲ್ವ ನಿನ್ನ ಉಪ್ಪ ಹೇಳಿದ್ದು?" ಎಂದು ಸಫಿಯಾ ಪರದೆ ಎಳೆದುಕೊಂಡರು.

*

ಅದು ನಾಲ್ಕು ವರ್ಷದ ಹಿಂದಿನ ಡಿಸೆಂಬರ್. ಹೊಳೆ ತಿಳಿಯಾಗಿ, ಬಂಡೆಗಳ ನಡುವಿನ ಆಳದ ಗುಂಡಿಯಲ್ಲಿ ಮಾತ್ರ ನೀರು ಹಸಿರಾಗಿತ್ತು. ಆ ಗುಂಡಿಯಲ್ಲಿ ಒಂದು ಮಡೆಂಜಿ ಇತ್ತು, ತೋಳಿನಷ್ಟು ಉದ್ದದ್ದು. ಹಮೀದಾಕ ಎರಡು ವರ್ಷದಿಂದ ಅದರ ಹಿಂದೆ ಬಿದ್ದಿದ್ದರು.

ಜೊತೆಗೆ ಬೋಜ ಇದ್ದ. ಪಿಕಪ್ ಓಡಿಸುವ ಬೋಜ, ಹಮೀದಾಕನ ಮೀನಿನ ಹುಚ್ಚಿಗೆ ಸರಿಯಾದ ಜೊತೆ. ಅವನ ಮಗಳು ಪ್ರೀತಿಕಾಳೂ ಬಂದಿದ್ದಳು. ಹದಿನೇಳು ವರ್ಷ, ಪೊಲೀಸ್ ಸೇರಬೇಕೆಂದು ದಿನಾ ಬೆಳಿಗ್ಗೆ ಓಡುತ್ತಿದ್ದವಳು. ಗಾಳ ಎಸೆಯುವುದರಲ್ಲಿ ಅಪ್ಪನಿಗಿಂತ ಅವಳ ಕೈಯೇ ಮೇಲು ಎಂದು ಹಮೀದಾಕ ಬೋಜನನ್ನು ರೇಗಿಸುವುದಿತ್ತು.

ಮಡೆಂಜಿಯ ವಿಷಯದಲ್ಲಿ ಹಮೀದಾಕನ ಪಾಠ ಒಂದೇ. ಮೀನು ಹಾರಿ ಕಪ್ಪೆಗೆ ಬಾಯಿ ಹಾಕಿದ ಕೂಡಲೇ ಎಳೆಯಬಾರದು. ಮೂರು ಎಣಿಸಬೇಕು. ಅಷ್ಟರಲ್ಲಿ ಅದು ಬಾಯಿ ಮುಚ್ಚಿ ನೀರಿಗಿಳಿಯುತ್ತದೆ, ಕೊಕ್ಕೆ ಕೂರುತ್ತದೆ. ಮೊದಲೇ ಎಳೆದರೆ ಮೀನೂ ಇಲ್ಲ, ಜೋಡಿ ಕೊಕ್ಕೆಯ ಕಪ್ಪೆ ಎಳೆದವನ ಕಡೆಗೇ ಹಾರಿ ಬರುತ್ತದೆ. ಎಣಿಸದೆ ಎಳೆದವರಿಗೆ ಅವರಿಂದ ಸಿಗುತ್ತಿದ್ದ ಬೈಗಳು ಸಾಮಾನ್ಯದ್ದಲ್ಲ.

"ನೀನು ಅಲ್ಲಿ, ಹಿಂದೆ, ಆ ಕಲ್ಲಿನ ಹತ್ತಿರ ನಿಲ್ಲು. ನೆರಳು ನೀರಿಗೆ ಬೀಳುದು ಬೇಡ," ಎಂದು ಅವರು ಪ್ರೀತಿಕಾಳಿಗೆ ಹೇಳಿದರು. ಅವಳು ಅಲ್ಲೇ ನಿಂತಳು. ಬೋಜ ಮೇಲಿನ ತಿರುವಿನಲ್ಲಿ ತನ್ನ ಗಾಳ ಬಿಚ್ಚುತ್ತಿದ್ದ.

ನೀರು ಒಡೆಯಿತು. ಆ ಮೀನಿನ ತಲೆ ಕಂಡದ್ದೇ ಹಮೀದಾಕನ ಕೈ ಎಳೆದುಬಿಟ್ಟಿತು. ಒಂದೂ ಎಣಿಸಲಿಲ್ಲ. ಕೊಕ್ಕೆಯ ಕಪ್ಪೆ ಅವರ ತಲೆ ದಾಟಿ ಹಿಂದಿನ ಕಲ್ಲಿನ ಕಡೆಗೆ ಹಾರಿತು.

ಕೂಗು ಕೇಳಿ ಬೋಜ ಓಡಿ ಬಂದಾಗ ಮಗಳು ಎಡಗಣ್ಣು ಮುಚ್ಚಿ ಮಂಡಿಯೂರಿದ್ದಳು. ಯಾರೂ ಏನೂ ಕೇಳುವ ಮೊದಲೇ ಹಮೀದಾಕ ಹೇಳಿದರು, "ಎಷ್ಟು ಹೇಳಿದ್ರೂ ಮುಂದೆ ಬಂದ್ಲು ಮಾರಾಯ."

ಆ ಮಾತನ್ನೇ ಅವರು ಡಾಕ್ಟರರಿಗೆ ಹೇಳಿದರು, ಪೇಟೆಗೂ ಹೇಳಿದರು. ಮಂಗಳೂರಿನ ಆಸ್ಪತ್ರೆಯ ಬೆಂಚಿನಲ್ಲಿ ಹನ್ನೊಂದು ದಿನ ಕಾದು ಕೂತರು. ಸ್ವಂತ ಮಾವನೂ ಇಷ್ಟು ಮಾಡುವುದಿಲ್ಲ ಎಂದು ಜನ ಹೊಗಳಿದರು. ಕಣ್ಣು ಉಳಿಯಲಿಲ್ಲ.

"ನಾನು ಮುಂದೆ ಹೋಗ್ಲಿಲ್ಲ ಅಪ್ಪ," ಎಂದು ಪ್ರೀತಿಕಾ ಒಂದೇ ಸಲ ಹೇಳಿದ್ದಳು.

"ಸುಮ್ನಿರು. ಸುಳ್ಳು ಹೇಳುವ ಜನ ಅಲ್ಲ ಅವರು," ಎಂದಿದ್ದ ಬೋಜ. ಅವಳು ಮತ್ತೆ ಹೇಳಲಿಲ್ಲ.

*

ಮೂರು ದಿನದ ಹಿಂದೆ, ಪುತ್ತೂರಿನ ಆಸ್ಪತ್ರೆಯಲ್ಲಿ, ಬೋಜ ಗಂಜಿ ಕೊಟ್ಟು ಹೋದ ಮೇಲೆ ಹಮೀದಾಕ ಮಗನನ್ನೂ ಹೆಂಡತಿಯನ್ನೂ ಹತ್ತಿರ ಕರೆದರು.

"ನಾನು ಎಣಿಸ್ಲಿಲ್ಲ."

"ಎಂತ ಎಣಿಸ್ಲಿಲ್ಲ ಉಪ್ಪ?"

ಉಸಿರು ಸಾಲದೆ ತಡೆತಡೆದು ಎಲ್ಲವನ್ನೂ ಹೇಳಿದರು. ಕೊನೆಗೆ, "ದಿನಾ ಬರ್ತಾನೆ ಬೋಜ. ಇವತ್ತು ಹೇಳುವ, ಇವತ್ತು ಹೇಳುವ ಅಂತ ಇರ್ತೇನೆ. ಅವನ ಮುಖ ನೋಡಿದ್ರೆ ಬಾಯಿ ಬರುದಿಲ್ಲ," ಎಂದರು. "ಎಲ್ಲರಿಗೂ ಕಲಿಸಿದವನೇ ಹಾಗೆ ಮಾಡಿದೆ ಅಂತ ಹೇಗೆ ಹೇಳುದು ಅಂತಲೇ ಆಯ್ತು ಆವತ್ತು. ಅಷ್ಟೇ. ಬೇರೆ ಎಂತದೂ ಇರ್ಲಿಲ್ಲ."

ಮಗನಿಗೆ ಅಯ್ಯೋ ಅನಿಸಿತು, ಸಿಟ್ಟೂ ಬಂತು. ಸಾಯಲು ಮಲಗಿದವರ ಮೇಲೆ ಸಿಟ್ಟು ಮಾಡಿ ಯಾರಿಗೆ ಏನು ಸಿಗುತ್ತದೆ?

*

ಉಪ್ಪನ ಮಯ್ಯತ್ತನ್ನು ಹೆಗಲ ಮೇಲೆ ಹೊರುವ ಸಂದೂಕದಲ್ಲಿಟ್ಟು ಅಂಗಳಕ್ಕೆ ತಂದರು. ಎತ್ತುವ ಮೊದಲು ಮನೆಯವರು ಸೇರಿದವರಲ್ಲಿ ಕೇಳಬೇಕು, ತೀರಿಕೊಂಡವರಿಂದ ಯಾರಿಗಾದರೂ ನೋವಾಗಿದ್ದರೆ ಮಾಫ್ ಮಾಡಿ ಎಂದು. ಸಾಮಾನ್ಯವಾಗಿ ಅದು ಅರ್ಧ ನಿಮಿಷದ ಕೆಲಸ. ಎಂತದೂ ಇಲ್ಲ ಎಂದು ನಾಲ್ಕು ಕಡೆಯಿಂದ ಸ್ವರ ಬರುತ್ತದೆ, ಹೆಗಲು ಕೊಡುತ್ತಾರೆ.

ಸಾಬಿತ್ ಕೇಳಿದ. ಮೊದಲು ಬಂದ ಸ್ವರ ಬೋಜನದ್ದೇ.

"ನನಗೆ ಎಂತದೂ ಇಲ್ಲ ಸಾಬಿತ್. ಚಿನ್ನದಂಥ ಮನುಷ್ಯ," ಎಂದು ಹೆಗಲ ಬೈರಾಸಿನಿಂದ ಮುಖ ಒರೆಸಿಕೊಂಡ. ಜನ ಹೌದು ಹೌದು ಎಂದರು.

ಇಲ್ಲಿಗೇ ನಿಲ್ಲಿಸಿದರೆ ಮುಗಿಯುತ್ತಿತ್ತು. ಉಪ್ಪನ ಹೆಸರು ಹಾಗೇ ಉಳಿಯುತ್ತಿತ್ತು, ಬೋಜಣ್ಣನ ಮನಸ್ಸೂ. ಸಾಬಿತನಿಗೆ ಅದು ಚೆನ್ನಾಗಿ ಗೊತ್ತಿತ್ತು.

"ಇನ್ನೂ ಒಬ್ಬರ ಹತ್ತಿರ ಕೇಳ್ಲಿಕ್ಕುಂಟು," ಎಂದ.

ನವಾಝ್ ಮಾಮ ಅವನ ಮಣಿಕಟ್ಟು ಹಿಡಿದರು. "ಹೆಂಗಸರ ಹತ್ತಿರ ಮತ್ತೆ ಕೇಳುವ. ಹೊತ್ತು ನೋಡು."

"ಕೇಳಲಿ," ಎಂದರು ಮಸೀದಿಯ ಉಸ್ತಾದರು. "ಕಾಯುವ."

ಸಾಬಿತ್ ಜಗಲಿಯ ಕಡೆ ತಿರುಗಿದ. ಹೆಂಗಸರ ನಡುವೆ ಪ್ರೀತಿಕಾ ಎದ್ದು ನಿಂತಿದ್ದಳು.

"ಪ್ರೀತಿಕಾ, ಉಪ್ಪನಿಗೆ ಮಾಫ್ ಮಾಡ್ಬೇಕು."

"ಯಾವುದಕ್ಕೆ ಸಾಬಿತಣ್ಣ?"

"ಕಣ್ಣಿಗೆ."

"ಕಣ್ಣು ಹೋದದ್ದು ಕೈತಪ್ಪಿ. ಅದಕ್ಕೆ ನಾನು ಆವತ್ತೇ ಮಾಫ್ ಮಾಡಿ ಆಗಿದೆ." "ಮತ್ತೆ ಯಾವುದಕ್ಕೆ?"

ನವಾಝ್ ಮಾಮನ ಹಿಡಿತ ಬಿಗಿಯಾಯಿತು. ಬೋಜ ಬೈರಾಸು ಕೆಳಗಿಳಿಸಿ ಮಗಳನ್ನು ನೋಡಿದ, ಗದರಿಸುವವನಂತೆ.

"ಪ್ರೀತಿ, ಎಂತ ಇದು? ಈಗ ಹೇಳುವ ಮಾತ?"

"ಅವಳಿಗೆ ಬೈಬೇಡಿ ಬೋಜಣ್ಣ," ಎಂದ ಸಾಬಿತ್. "ಅವಳು ಮುಂದೆ ಬರ್ಲಿಲ್ಲ. ಉಪ್ಪ ನಿಲ್ಲಿಸಿದ ಕಡೆಯೇ ನಿಂತಿದ್ಲು. ಎಣಿಸದೆ ಎಳೆದದ್ದು ಉಪ್ಪ. ಮುಂದೆ ಬಂದ್ಲು ಅಂತ ಸುಳ್ಳು ಹೇಳಿದ್ದೂ ಉಪ್ಪ. ಮೊನ್ನೆ ಅವರೇ ಹೇಳಿದ್ರು, ನನ್ನ ಹತ್ತಿರ, ಉಮ್ಮನ ಹತ್ತಿರ. ಆ ಸುಳ್ಳಿಗೆ ಮಾಫ್ ಕೇಳ್ತಾ ಇದ್ದೇನೆ."

ನವಾಝ್ ಮಾಮ ಕೈ ಬಿಟ್ಟರು. ಪೇಟೆಯ ಜನ ನೆಲ ನೋಡಿದರು. ಅವರಲ್ಲಿ ಆ ಮಾತನ್ನು ಪ್ರೀತಿಕಾಳ ಎದುರೇ ಆಡಿ ಬುದ್ಧಿ ಹೇಳಿದವರು ಎಷ್ಟೋ ಮಂದಿ ಇದ್ದರು.

ಪ್ರೀತಿಕಾ ಸಂದೂಕವನ್ನು ನೋಡಿದಳು. ಅಳು ಬಂತು, ತಡೆಯಲಿಲ್ಲ.

"ಆಯ್ತು," ಎಂದಳು. "ಅದಕ್ಕೂ ಮಾಫ್. ಕರ್ಕೊಂಡು ಹೋಗಿ, ನಮಾಝಿಗೆ ಹೊತ್ತಾಯ್ತಲ್ಲ."

ಸಂದೂಕ ಎದ್ದಿತು. ಸಾಬಿತ್ ಮುಂದಿನ ಹಿಡಿಗೆ ಹೆಗಲು ಕೊಟ್ಟ. ಪಕ್ಕದ ಹಿಡಿಗೆ ಬೋಜ ಬರುತ್ತಾನೆಂದು ಜಾಗ ಬಿಟ್ಟಿದ್ದರು. ಅವನು ಬರಲಿಲ್ಲ, ಉಸ್ತಾದರು ಕಣ್ಣಲ್ಲೇ ಸೂಚಿಸಿ ಬೇರೊಬ್ಬರನ್ನು ನಿಲ್ಲಿಸಿದರು.

ಗೇಟು ದಾಟಿ ರಸ್ತೆಗೆ ಇಳಿಯುವಲ್ಲಿ ಹೆಗಲು ಬದಲಿಸುವಾಗ ಸಾಬಿತ್ ಒಮ್ಮೆ ಹಿಂದಿರುಗಿ ನೋಡಿದ. ಅಂಗಳ ಖಾಲಿಯಾಗಿತ್ತು. ಪ್ರೀತಿಕಾ ಮೆಟ್ಟಿಲಿಳಿದು ಒಂದು ಕುರ್ಚಿಯಲ್ಲಿ ಕೂತಿದ್ದಳು. ಬೋಜ ಅವಳ ಎಡಗಡೆ ನಿಂತು ಏನೋ ಹೇಳುತ್ತಿದ್ದ. ಅವಳು ತಿರುಗಿ ನೋಡಲಿಲ್ಲ. ಅವನು ಮಾತು ನಿಲ್ಲಿಸಿದ. ಆಮೇಲೆ ಕುರ್ಚಿಯ ಹಿಂದಿನಿಂದ ನಿಧಾನವಾಗಿ ಸುತ್ತಿ ಬಂದು, ಅವಳಿಗೆ ಕಾಣುವ ಬಲಗಡೆಯಲ್ಲಿ, ಬರೀ ನೆಲದ ಮೇಲೆ ಕೂತುಕೊಂಡ.